‘ಸೆಡ್’ಗೂ ‘ದಟ್’ಗೂ ನಡುವೆ: ವಿನೋಬನಗರದ ಒಂದು ಸಂಜೆ ಇಂಗ್ಲಿಷ್ ತರಗತಿ

ಶಿವಮೊಗ್ಗದಲ್ಲಿ ಇಂಗ್ಲಿಷ್ ಕಲಿಸುವವರಿಗೆ ಬರವಿಲ್ಲ. ಬಸ್ ಸ್ಟ್ಯಾಂಡಿನಿಂದ ದುರ್ಗಿಗುಡಿ ಕಡೆ ನಡೆದು ಬಂದರೆ ಮಹಡಿ ಮಹಡಿಗೂ ಸ್ಪೋಕನ್ ಇಂಗ್ಲಿಷ್ ಬೋರ್ಡು. ಆದರೆ ಬರೆಯುವ ಇಂಗ್ಲಿಷ್ ಕಲಿಸುವವರು, ನಾವೇ ಬರೆದ ವಾಕ್ಯವನ್ನು ಎದುರಿಗಿಟ್ಟುಕೊಂಡು ‘ಈ ಪದ ಇಲ್ಲಿ ಯಾಕೆ ಕೂತಿದೆ?’ ಎಂದು ಕೇಳುವವರು ಬಹಳ ಕಡಿಮೆ. ವಿನೋಬನಗರದಲ್ಲಿ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ತಮ್ಮ ಮನೆಯ ಮಹಡಿಯಲ್ಲಿ ಇಂಥದ್ದೊಂದು ಸಂಜೆ ತರಗತಿ ನಡೆಸುತ್ತಾರೆ. ಬೋರ್ಡಿಲ್ಲ, ಕರಪತ್ರವಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿ ಜನ ಬರುತ್ತಾರೆ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದರಿಂದ ಇಲ್ಲಿ ಮೇಷ್ಟ್ರು ಎಂದಷ್ಟೇ ಬರೆಯುತ್ತೇನೆ. ಒಂದು ಬ್ಯಾಚು ಪೂರ್ತಿ ಮುಗಿಸಿ ಎರಡನೆಯದರಲ್ಲಿ ಕೂತಿದ್ದೇನೆ. ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಇದು ಉಪಯೋಗವಾದೀತು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ತರಗತಿಗೆ ನಾನು ಕೊಡುವ ಬೆಲೆ ಅದರಿಂದಲೇ ಬಂದಿದ್ದು. ಜಿಲ್ಲಾ ಕೋರ್ಟಿಗೆ ಹತ್ತಿರದಲ್ಲೇ ಟೈಪಿಂಗ್ ಮತ್ತು ಭಾಷಾಂತರ ಮಾಡಿಕೊಂಡಿದ್ದೇನೆ. ಇಲ್ಲಿಯ ಕೋರ್ಟುಗಳಲ್ಲಿ ಸಾಕ್ಷಿಗಳು ಹೇಳಿದ್ದನ್ನು ಕನ್ನಡದಲ್ಲೇ ಬರೆದುಕೊಳ್ಳುವುದು ರೂಢಿ. ಆದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯಬೇಕು. ಹಾಗಾಗಿ ಶಿವಮೊಗ್ಗದ ಒಂದು ಜಮೀನು ತಕರಾರು ಮೇಲ್ಮನವಿಯಾಗಿ ಬೆಂಗಳೂರಿಗೆ ಹೊರಟಿತೆಂದರೆ ಅದರ ಜೊತೆ ಪಾಟಿ ಸವಾಲಿನ (ಎದುರು ವಕೀಲರು ಸಾಕ್ಷಿಯನ್ನು ಪ್ರಶ್ನಿಸಿದ) ಹಾಳೆ, ಪಂಚನಾಮೆ, ಹಳೇ ಕ್ರಯಪತ್ರ, ತಹಶೀಲ್ದಾರರಿಗೆ ಕೊಟ್ಟ ಅರ್ಜಿ ಎಲ್ಲವೂ ಇಂಗ್ಲಿಷಾಗಬೇಕು. ಆ ಹಾಳೆಗಳಲ್ಲಿ ಅತಿ ಹೆಚ್ಚು ಸಲ ಬರುವ ಕ್ರಿಯಾಪದ ‘ಹೇಳಿದರು’. ಯಾರು ಹೇಳಿದರು, ಯಾವತ್ತು ಹೇಳಿದರು, ಹೇಗೆ ಹೇಳಿದರು, ಏನೆಂದು ಹೇಳಿದರು. ಎಷ್ಟೋ ದಾವೆಗಳ ಹಣೆಬರಹ ಈ ನಾಲ್ಕರ ಮೇಲೆ ನಿಂತಿರುತ್ತದೆ.

ಮೇಷ್ಟ್ರು ಮೂರು ವಾರ ಕಲಿಸುವುದೂ ಇದನ್ನೇ. ‘ಸೆಡ್’, ‘ಸ್ಟೇಟೆಡ್’, ‘ಅಡ್ಮಿಟೆಡ್’, ‘ಡಿನೈಡ್’, ‘ಬಿಲೀವ್’ ಇಂಥ ಕ್ರಿಯಾಪದ ಬಂತು, ಅದರ ಬೆನ್ನಿಗೆ ‘ದಟ್’ ಎಂದು ಶುರುವಾಗುವ ಉಪವಾಕ್ಯ ಬರಬೇಕು. ಇವೆರಡರ ನಡುವೆ ಕ್ರಿಯಾವಿಶೇಷಣ, ಅಂದರೆ ಯಾವಾಗ, ಹೇಗೆ, ಎಷ್ಟು ಸಲ ಎಂದು ಹೇಳುವ ಪದ, ಇಡಬಹುದೇ? ಯಾವುದನ್ನು ಇಡಬೇಕು, ಯಾವುದನ್ನು ಇಡಬಾರದು? ಮೂರು ವಾರಕ್ಕೆ ಇಷ್ಟೇ ವಿಷಯವೇ ಎಂದು ಮೊದಲ ದಿನ ಪಕ್ಕದಲ್ಲಿ ಕೂತಿದ್ದ ಹುಡುಗಿ ಪಿಸುಗುಟ್ಟಿದ್ದಳು. ಮೂರನೇ ವಾರದ ಹೊತ್ತಿಗೆ ಅವಳೇ ಇನ್ನೂ ಒಂದು ದಿನ ಬೇಕಿತ್ತು ಅಂದಳು.

ಪಾಠ ಶುರುವಾಗುವುದು ಶಾಲೆಯಲ್ಲಿ ಎಲ್ಲರೂ ಕಲಿತ ನಿಯಮದಿಂದ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಬೇರೆ ಪದ ತುರುಕಬಾರದು. ‘ಶಿ ರೆಡ್ ಕೇರ್‌ಫುಲಿ ದಿ ಲೆಟರ್’ ಎಂದರೆ ಇಂಗ್ಲಿಷಿನವರ ಕಿವಿಗೆ ಹಿಡಿಸುವುದಿಲ್ಲ, ‘ಶಿ ರೆಡ್ ದಿ ಲೆಟರ್ ಕೇರ್‌ಫುಲಿ’ ಎನ್ನಬೇಕು. ಇದನ್ನು ಗಟ್ಟಿ ಮಾಡಿಕೊಂಡವರು ‘ದಟ್’ ಬಂದಾಗಲೂ ಅದನ್ನೇ ಅನುಸರಿಸುತ್ತಾರೆ. ‘ಹಿ ಸೆಡ್ ದಟ್...’ ಎಂದು ಒಂದೇ ಉಸಿರಿಗೆ ಬರೆದು, ಕಾಲ, ರೀತಿ, ಸ್ಥಳ ಎಲ್ಲವನ್ನೂ ವಾಕ್ಯದ ತುದಿಗೆ ತಳ್ಳುತ್ತಾರೆ. ಅನರ್ಥ ಆಗುವುದು ಅಲ್ಲಿ. ‘ದಟ್’ ಉಪವಾಕ್ಯಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ನಡುವೆ ಇಡುವುದೇ ಸರಿ, ಬಹಳ ಸಲ ಇಡಲೇಬೇಕು.

ಇದನ್ನು ಅವರು ಬಾಯಲ್ಲಿ ಹೇಳಿ ಬಿಟ್ಟಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹಳೇ ಕ್ಯಾಲೆಂಡರಿನ ದಪ್ಪ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದೊಂದರ ಮೇಲೂ ವಾಕ್ಯದ ಒಂದೊಂದು ತುಂಡು ಬರೆದಿಟ್ಟಿದ್ದಾರೆ. ಕ್ರಿಯಾಪದದ ಪಟ್ಟಿಗೆ ಕೆಂಪು ಶಾಯಿ, ‘ದಟ್’ಗೆ ನೀಲಿ, ಕ್ರಿಯಾವಿಶೇಷಣಕ್ಕೆ ಹಸಿರು. ಮಧ್ಯದ ದೊಡ್ಡ ಮೇಜಿನ ಮೇಲೆ ಅವನ್ನು ಸಾಲಾಗಿ ಜೋಡಿಸುತ್ತಾರೆ. ಒಂದು ಸಂಜೆ ಹೀಗಿತ್ತು: ‘ದಿ ಸರ್ವೇಯರ್’, ‘ಸೆಡ್’, ‘ದಟ್’, ‘ದಿ ಸ್ಟೋನ್ಸ್’, ‘ಹ್ಯಾಡ್ ಬೀನ್ ರಿಮೂವ್ಡ್’. ‘ಆನ್ ಮಂಡೇ’ ಎಂಬ ಹಸಿರು ಪಟ್ಟಿಯನ್ನು ಮಾತ್ರ ನನ್ನ ಕೈಗೆ ಕೊಟ್ಟರು.

“ಎಲ್ಲಿಡ್ತೀರಮ್ಮ?”

“ಯಾವುದು ಸೋಮವಾರ ಆಗಿದ್ದು ಅಂತ ಗೊತ್ತಾಗದೆ ಹೇಗೆ ಇಡೋದು ಸರ್?” ಅಂದೆ.

ಅವರ ಮುಖ ಅರಳಿತು. “ಆ ಪ್ರಶ್ನೆ ಬಂತಲ್ಲ, ಸಾಕು. ಈಗ ಎರಡೂ ಇಟ್ಟು ತೋರಿಸಿ.”

ಹಸಿರು ಪಟ್ಟಿಯನ್ನು ‘ಸೆಡ್’ ಆದ ಮೇಲೆ, ‘ದಟ್’ಗೆ ಮುಂಚೆ ಇಟ್ಟರೆ ಸರ್ವೇಯರ್ ಮಾತಾಡಿದ್ದು ಸೋಮವಾರ. ಕಲ್ಲು ಯಾವಾಗ ಹೋಯಿತೋ ಗೊತ್ತಿಲ್ಲ. ಅದೇ ಪಟ್ಟಿಯನ್ನು ಕೊನೆಗೆ ಒಯ್ದರೆ ಕಲ್ಲು ಕಿತ್ತಿದ್ದು ಸೋಮವಾರ, ಸರ್ವೇಯರ್ ಯಾವತ್ತು ಬೇಕಾದರೂ ಹೇಳಿರಬಹುದು. ಹದ್ದುಬಸ್ತಿನ, ಅಂದರೆ ಜಮೀನಿನ ಗಡಿಯ, ತಕರಾರಿನಲ್ಲಿ ಈ ಎರಡು ವಾಕ್ಯ ಎರಡು ಬೇರೆ ಬೇರೆ ಸಾಕ್ಷ್ಯ. ಒಂದು ಸಾಕ್ಷಿಯ ಹಿಂದಿನ ಲಿಖಿತ ಹೇಳಿಕೆಯನ್ನು ಪಾಟಿ ಸವಾಲಿನಲ್ಲಿ ಮುಂದಿಟ್ಟು ‘ಅವತ್ತು ಹೀಗೆ ಹೇಳಿದ್ದೀರಿ, ಇವತ್ತು ಹಾಗೆ ಹೇಳುತ್ತೀರಿ’ ಎಂದು ಕೇಳಲು 1872ರ ಸಾಕ್ಷ್ಯ ಕಾಯ್ದೆಯ 145ನೇ ಕಲಂ ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ಅವಕಾಶ ಉಳಿದಿದೆ. ಹೇಳಿದ ದಿನವೂ ಆದ ದಿನವೂ ಇಂಗ್ಲಿಷಿಗೆ ಬರುವಾಗ ಅದಲುಬದಲಾದರೆ, ಸಾಕ್ಷಿ ಆಡದೇ ಇದ್ದ ಮಾತು ಅವನ ತಲೆಗೆ ಬೀಳುತ್ತದೆ.

ಕ್ರಿಯಾವಿಶೇಷಣ ಹೀಗೇಕೆ ಮಾಡುತ್ತದೆ ಎಂಬುದಕ್ಕೆ ಅವರು ಕೊಡುವ ವಿವರಣೆ ಸರಳ. ಜಾತ್ರೆಯಲ್ಲಿ ಮಗು ಹತ್ತಿರ ಸಿಕ್ಕ ಕೈಯನ್ನೇ ಹಿಡಿದುಕೊಳ್ಳುವ ಹಾಗೆ, ಇಂಗ್ಲಿಷ್ ಕ್ರಿಯಾವಿಶೇಷಣ ತನಗೆ ಹತ್ತಿರದ ಕ್ರಿಯಾಪದವನ್ನು ಹಿಡಿದುಕೊಳ್ಳುತ್ತದೆ. ‘ದಟ್’ ಉಪವಾಕ್ಯದೊಳಗೆ ಇನ್ನೊಂದು ಕ್ರಿಯಾಪದ ಇದ್ದೇ ಇರುತ್ತದೆ. ತುದಿಗೆ ಹೋದ ಪದ ಅದರ ಪಾಲಾಗುತ್ತದೆ. ಜೊತೆಗೆ ತೂಕದ ವಿಷಯವೂ ಇದೆ. ಉದ್ದದ ತುಂಡು ವಾಕ್ಯದ ಕೊನೆಗೆ ಇರಲಿ ಎಂಬುದು ಇಂಗ್ಲಿಷಿನ ಒಲವು. ‘ದಟ್’ ಉಪವಾಕ್ಯ ಸಾಮಾನ್ಯವಾಗಿ ಉದ್ದ, ‘ಆನ್ ಮಂಡೇ’ ಗಿಡ್ಡ. ಆದ್ದರಿಂದ ಗಿಡ್ಡದ್ದು ಮೊದಲು ಬಂದು ಉದ್ದದ್ದು ಆಮೇಲೆ ಬಂದರೆ ಓದುವವರಿಗೆ ಸಲೀಸು. ಕರ್ಮ ನಾಮಪದವೇ ಆಗಿದ್ದರೂ ಅದು ಬಹಳ ಉದ್ದವಿದ್ದರೆ ಶಾಲೆಯ ನಿಯಮ ಸಡಿಲವಾಗುತ್ತದೆ ಎಂದು ತೋರಿಸಿಕೊಟ್ಟರು. ‘ಶಿ ರೆಡ್ ಕೇರ್‌ಫುಲಿ ದಿ ಲೆಟರ್’ ಆಗದು. ಆದರೆ ‘ಶಿ ರೆಡ್ ಕೇರ್‌ಫುಲಿ ಎವ್ರಿ ಲೆಟರ್ ದಟ್ ದಿ ತಹಶೀಲ್ದಾರ್ ಹ್ಯಾಡ್ ಸೆಂಟ್ ಹರ್ ಫಾದರ್’ ನಡೆಯುತ್ತದೆ. ನಿಯಮದ ಹಿಂದಿನ ಕಾರಣ ಗೊತ್ತಾದರೆ ನಿಯಮ ಎಲ್ಲಿ ಬಾಗುತ್ತದೆ ಎಂಬುದೂ ಗೊತ್ತಾಗುತ್ತದೆ. ಇಷ್ಟು ವರ್ಷದಲ್ಲಿ ಇದನ್ನು ಹೀಗೆ ಬಿಡಿಸಿ ಹೇಳಿದವರನ್ನು ನಾನು ಕಂಡಿರಲಿಲ್ಲ.

ಇದಕ್ಕೆ ಮುಂಚೆ ಊರಿನ ಇನ್ನೊಂದು ಕಡೆ ದುಡ್ಡು ಕಟ್ಟಿ ಕೂತಿದ್ದೆ. ಅಲ್ಲಿ ಕ್ರಿಯಾವಿಶೇಷಣ ಎಂದರೆ ‘ಎಲ್‌ವೈ’ ಸೇರಿಸುವುದು, ಐವತ್ತು ಪದ ಬಾಯಿಪಾಠ, ಮುಂದಿನ ಪಾಠ. ವಾಕ್ಯದಲ್ಲಿ ಎಲ್ಲಿಡಬೇಕು ಎಂದು ಕೇಳಿದ್ದಕ್ಕೆ ‘ಎಲ್ಲಿಟ್ಟರೂ ಆಗುತ್ತೆ ಮೇಡಂ’ ಎಂಬ ಉತ್ತರ ಬಂತು. ಆ ಉತ್ತರ ಹಿಡಿದುಕೊಂಡು ಕೋರ್ಟಿನ ಕಾಗದ ಮಾಡಲಾಗುವುದಿಲ್ಲ.

ಎರಡನೇ ವಾರದ ಪಾಠ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಎಲ್ಲ ಕ್ರಿಯಾವಿಶೇಷಣಗಳೂ ಒಂದೇ ಜಾತಿಯವಲ್ಲ. ಎಷ್ಟು ಸಲ ಎಂದು ಹೇಳುವ ‘ಆಫನ್’, ‘ಆಲ್ವೇಸ್’, ‘ನೆವರ್’ ಕ್ರಿಯಾಪದದ ಮುಂದೆಯೇ ಕೂರಬೇಕು: ‘ಹಿ ಆಫನ್ ಸೆಡ್ ದಟ್’. ಯಾವಾಗ ಎಂದು ಹೇಳುವ ‘ಯೆಸ್ಟರ್‌ಡೇ’, ‘ಆನ್ ಮಂಡೇ’ ಇವು ನಡುವೆ ಇರಬೇಕು, ಇಲ್ಲವೇ ವಾಕ್ಯದ ತಲೆಗೆ ಹೋಗಬೇಕು. ಹೇಗೆ ಎಂದು ಹೇಳುವವು ಎರಡೂ ಕಡೆ ಕೂರುತ್ತವೆ, ಆದರೆ ಕೂತಲ್ಲಿಗೆ ತಕ್ಕಂತೆ ಕೆಲವು ಸಲ ಅರ್ಥ ಜರುಗುತ್ತದೆ. ‘ದಿ ವಿಟ್ನೆಸ್ ಕ್ಲಿಯರ್ಲಿ ಸ್ಟೇಟೆಡ್ ದಟ್’ ಎಂದರೆ ಎರಡು ಅರ್ಥ. ಸಾಕ್ಷಿ ಸ್ಪಷ್ಟವಾದ ಮಾತಿನಲ್ಲಿ ಹೇಳಿದ ಎನ್ನುವುದು ಒಂದು. ಸಾಕ್ಷಿ ಹೇಳಿದ್ದಾನೆ ಎಂಬುದರಲ್ಲಿ ಅನುಮಾನವೇ ಇಲ್ಲ ಎನ್ನುವುದು ಇನ್ನೊಂದು, ಅದು ಬರೆಯುವವರ ಅಭಿಪ್ರಾಯ. ‘ಸ್ಟೇಟೆಡ್ ಕ್ಲಿಯರ್ಲಿ ದಟ್’ ಎಂದಾಗ ಮೊದಲ ಅರ್ಥ ಮಾತ್ರ ಉಳಿಯುತ್ತದೆ. ಸಾಕ್ಷಿಯ ಮಾತು ಭಾಷಾಂತರ ಮಾಡುವವಳ ಅಭಿಪ್ರಾಯ ಅದರೊಳಗೆ ನುಸುಳಬಾರದು. ಅದಕ್ಕೇ ಅಂಥ ಜಾಗದಲ್ಲೆಲ್ಲ ಈಗ ನಾನು ನಡುವೆ ಇಡುತ್ತೇನೆ.

‘ಐ ಸ್ಟ್ರಾಂಗ್ಲಿ ಬಿಲೀವ್ ದಟ್’, ‘ಐ ಬಿಲೀವ್ ಸ್ಟ್ರಾಂಗ್ಲಿ ದಟ್’ ಎರಡೂ ಸರಿ, ಅರ್ಥವೂ ಒಂದೇ. ‘ಐ ನೋ ವೆರಿ ವೆಲ್ ದಟ್’ ಎನ್ನುವಲ್ಲಿ ಮಾತ್ರ ‘ವೆರಿ ವೆಲ್’ ಕ್ರಿಯಾಪದಕ್ಕೆ ಮುಂಚೆ ಬರುವುದು ಅಪರೂಪ, ನಡುವೆ ಇರುವುದೇ ರೂಢಿ. ಇಂಥವನ್ನು ಪಟ್ಟಿ ಮಾಡಿ ಕೊಡಿ ಎಂದು ಎಲ್ಲರೂ ಕೇಳಿದೆವು. ಅವರು ಕೊಡಲಿಲ್ಲ. ನೀವೇ ಓದುತ್ತ ಓದುತ್ತ ಬರೆದುಕೊಳ್ಳಿ ಅಂದರು. ಒಂದು ಸಣ್ಣ ಪಟ್ಟಿಯನ್ನಾದರೂ ಕೊಟ್ಟಿದ್ದರೆ ದುಡಿಯುವವರಿಗೆ ಅನುಕೂಲವಾಗುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ನಿರಾಕರಣೆಯ ವಾಕ್ಯಗಳಿಗೆ ಒಂದು ಸಂಜೆ ಪೂರ್ತಿ ಹೋಯಿತು. ತೀರ್ಥಹಳ್ಳಿ ಕಡೆಯ ತೋಟದ ಗಲಾಟೆ ಎಂದು ಅವರೇ ಒಂದು ಪ್ರಸಂಗ ಕಟ್ಟಿಕೊಟ್ಟರು. ಪ್ರತಿವಾದಿ ಅಡಿಕೆ ಮರ ಕಡಿದನೆಂದು ಆರೋಪ. ‘ಹಿ ಫರ್ಮ್ಲಿ ಡಿನೈಡ್ ದಟ್ ಹಿ ಹ್ಯಾಡ್ ಕಟ್ ದಿ ಟ್ರೀಸ್’ ಎಂದರೆ ಕಡಿದೇ ಇಲ್ಲ ಎನ್ನುತ್ತಾನೆ, ಗಟ್ಟಿಯಾಗಿ ಎನ್ನುತ್ತಾನೆ. ‘ಹಿ ಡಿನೈಡ್ ದಟ್ ಹಿ ಹ್ಯಾಡ್ ಡೆಲಿಬರೇಟ್ಲಿ ಕಟ್ ದಿ ಟ್ರೀಸ್’ ಎಂದಾಗ? ಬೇಕೆಂದೇ ಕಡಿದೆ ಎಂಬುದನ್ನು ಮಾತ್ರ ಅಲ್ಲಗಳೆದಂತಾಯಿತು. ಕಡಿದಿದ್ದು ಹೌದು, ಗೊತ್ತಿಲ್ಲದೆ ಕಡಿದೆ ಎಂದು ಎದುರು ವಕೀಲರು ಓದಿಕೊಳ್ಳಲು ಬಾಗಿಲು ತೆರೆದಂತೆ. ಒಂದು ಪದ ‘ದಟ್’ನ ಆಚೆ ಇದೆಯೋ ಈಚೆ ಇದೆಯೋ ಎಂಬುದರ ಮೇಲೆ ಮನುಷ್ಯ ಏನನ್ನು ಒಪ್ಪಿಕೊಂಡ ಎಂಬುದೇ ಬದಲಾಯಿತು. ತರಗತಿಯಲ್ಲಿ ಅವತ್ತು ಯಾರೂ ಗಡಿಯಾರ ನೋಡಲಿಲ್ಲ.

ನಮ್ಮ ಬ್ಯಾಚಿನಲ್ಲಿ ಎಲ್ಲ ಥರದವರೂ ಇದ್ದರು. ಹೊರದೇಶಕ್ಕೆ ಹೋಗಲು ಪರೀಕ್ಷೆ ಬರೆಯುವ ನರ್ಸ್, ಪತ್ರಿಕೆಗೆ ಸುದ್ದಿ ಕಳಿಸುವ ಸಾಗರದ ಹುಡುಗ, ತೋಟಗಾರಿಕೆ ವರದಿ ಇಂಗ್ಲಿಷಿನಲ್ಲಿ ಬರೆಯಬೇಕಾದ ಒಬ್ಬರು. ಕೊನೆಯವರು ತಂದ ವಾಕ್ಯ ಹೀಗಿತ್ತು: ‘ದಿ ಸೈಂಟಿಸ್ಟ್ಸ್ ಸೆಡ್ ದಟ್ ಗ್ರೋಯರ್ಸ್ ಶುಡ್ ಸ್ಪ್ರೇ ಬೋರ್ಡೋ ಮಿಕ್ಸ್ಚರ್ ರಿಪೀಟೆಡ್ಲಿ.’ ವಿಜ್ಞಾನಿಗಳು ಮತ್ತೆ ಮತ್ತೆ ಹೇಳಿದರು ಎಂಬುದು ಅವರ ಮನಸ್ಸಿನಲ್ಲಿದ್ದ ಅರ್ಥ. ಓದಿದರೆ ಬೆಳೆಗಾರರು ಮತ್ತೆ ಮತ್ತೆ ಹೊಡೆಯಬೇಕು ಎಂದಾಗುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಶೇಕಡಾ 1ರ ಬೋರ್ಡೋ (ಮೈಲುತುತ್ತ, ಸುಣ್ಣದ) ದ್ರಾವಣವನ್ನು ಮಳೆಗಾಲ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುವುದು ಶಿಫಾರಸು. ಮಳೆಯ ನಡುವೆ ಮರ ಹತ್ತುವ ಕೊನೆಗಾರ ಸಿಕ್ಕಿ ಒಂದು ಸಲ ಹೊಡೆಸುವುದೇ ಎಷ್ಟು ಕಷ್ಟ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ‘ರಿಪೀಟೆಡ್ಲಿ’ ಪದವನ್ನು ‘ಸೆಡ್’ ಮುಂದಕ್ಕೆ ತಂದು ಇಟ್ಟರು, ‘ರಿಪೀಟೆಡ್ಲಿ ಸೆಡ್ ದಟ್’. ವರದಿ ಸರಿಯಾಯಿತು.

ಸುದ್ದಿ ಬರೆಯುವ ಹುಡುಗನಿಗೆ ಬೇರೆ ತೊಡಕು. ಜಾಗ ಉಳಿಸಲು ‘ದಟ್’ ತೆಗೆದುಹಾಕುವ ಅಭ್ಯಾಸ. ಅವನಿಗೆಂದೇ ಮೇಷ್ಟ್ರು ಸಿಗಂದೂರಿನ ಸೇತುವೆ ಹಿಡಿದು ಒಂದು ವಾಕ್ಯ ಮಾಡಿದರು: ‘ಅಫಿಶಿಯಲ್ಸ್ ಸೆಡ್ ಆನ್ ಮಂಡೇ ದಿ ಬ್ರಿಡ್ಜ್ ವುಡ್ ಓಪನ್.’ ಅಧಿಕಾರಿಗಳು ಸೋಮವಾರ ಹೇಳಿದರೋ, ಸೇತುವೆ ಸೋಮವಾರ ತೆರೆಯುತ್ತದೋ? ಸಿಗಂದೂರಿನ ಈ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14, ಸೋಮವಾರವೇ. ಹಾಗಾಗಿ ಈ ವಾಕ್ಯ ಎರಡೂ ಕಡೆಗೆ ನೋಡುತ್ತ ನಿಲ್ಲುತ್ತದೆ. ‘ಸೆಡ್’ ಆದಮೇಲೆ ಸಮಯ ಸೂಚಿಸುವ ಪದ ಬಂದರೆ ‘ದಟ್’ ಬಿಡಬೇಡಿ, ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ವರದಿಗಾರರಿಗೆ ಹೇಳುವುದೂ ಇದನ್ನೇ ಎಂದರು. ಹುಡುಗ ಅಲ್ಲೇ ಮೊಬೈಲ್ ತೆಗೆದು ಹಿಂದಿನ ದಿನ ಕಳಿಸಿದ್ದ ಸುದ್ದಿಯನ್ನು ಮತ್ತೆ ಓದತೊಡಗಿದ.

ಇಲ್ಲಿ ಒಂದು ವಿಷಯದಲ್ಲಿ ಮೇಷ್ಟ್ರಿಗೂ ನನಗೂ ಒಪ್ಪಿಗೆಯಾಗಲಿಲ್ಲ. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ದಿ ಮಿನಿಸ್ಟರ್ ಆನ್ ಮಂಡೇ ಸೆಡ್ ದಟ್’ ಎಂದು ದಿನವೂ ಬರುತ್ತದೆ. ಕಾಲವನ್ನು ಕ್ರಿಯಾಪದದ ಮುಂದೆ ಇಡುವ ಈ ಪದ್ಧತಿ ಅವರಿಗೆ ಸ್ವಲ್ಪವೂ ಸೇರುವುದಿಲ್ಲ. ಮಾತಿನಲ್ಲಿ ಯಾರೂ ಹಾಗನ್ನುವುದಿಲ್ಲ ಎಂಬುದು ಅವರ ವಾದ. ಇರಬಹುದು. ಆದರೆ ಅದರಲ್ಲಿ ಗೊಂದಲವಿಲ್ಲ, ಸೋಮವಾರ ಹೇಳಿದ್ದಕ್ಕೇ ಅಂಟಿಕೊಂಡಿದೆ, ನಮ್ಮ ಓದುಗರಿಗೆ ಅದು ರೂಢಿಯಾಗಿದೆ. ಕನ್ನಡದವರಿಗೆ ಅದು ಕೈಗೆ ಬೇಗ ಹತ್ತುವುದೂ ಹೌದು, ‘ಸಚಿವರು ಸೋಮವಾರ ಹೇಳಿದರು’ ಎಂಬ ಸಾಲಿನದೇ ಜೋಡಣೆ ಅದು. ನಾನು ಕೋರ್ಟಿನ ಕಾಗದದಲ್ಲಿ ಮೇಷ್ಟ್ರು ಹೇಳಿದಂತೆ ಬರೆಯುತ್ತೇನೆ, ಆದರೆ ಪತ್ರಿಕೆಯವರದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಇದನ್ನು ತರಗತಿಯಲ್ಲೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಮುಂದಿನ ಸಂಜೆ ಬರುವಾಗ ನಾಲ್ಕು ಪತ್ರಿಕೆಗಳ ಕತ್ತರಿಸಿದ ತುಂಡು ತಂದು, ನನ್ನ ಪರವಾಗಿ ಎರಡು, ತಮ್ಮ ಪರವಾಗಿ ಎರಡು ಓದಿದರು. ಇಂಥ ಗುರುಗಳು ಸಿಗುವುದು ಪುಣ್ಯ.

ಇನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡುವವರ ಪಾಡು. ‘ಸರ್ವೇಯರ್ ಸೋಮವಾರ ಕಲ್ಲು ಕಿತ್ತಿದ್ದಾರೆ ಎಂದು ಹೇಳಿದರು’ ಎಂದು ಹೇಳಿಕೆಯಲ್ಲಿ ಇದೆ ಎಂದುಕೊಳ್ಳಿ. ಕನ್ನಡದಲ್ಲಿ ‘ಎಂದು’ ಮುಗಿಯುವ ಭಾಗ ಕರ್ತೃವಿಗೂ ‘ಹೇಳಿದರು’ಗೂ ನಡುವೆ ಹೊಟ್ಟೆಯಲ್ಲಿ ಬರುತ್ತದೆ, ಹಾಗಾಗಿ ‘ಸೋಮವಾರ’ ಒಳಗಿನದೋ ಹೊರಗಿನದೋ ಗೊತ್ತಾಗುವುದಿಲ್ಲ. ‘ಕಲ್ಲು ಕಿತ್ತಿದ್ದಾರೆ ಎಂದು ಸರ್ವೇಯರ್ ಸೋಮವಾರ ಹೇಳಿದರು’ ಎಂದು ಬರೆದುಕೊಂಡಿದ್ದರೆ ತಕರಾರೇ ಇರುತ್ತಿರಲಿಲ್ಲ. ಬರೆದುಕೊಂಡಿಲ್ಲ. ಇಂಗ್ಲಿಷಿನಲ್ಲಿ ಎಲ್ಲಿಟ್ಟರೂ ನಾನೇ ತೀರ್ಮಾನ ಕೊಟ್ಟಂತೆ. ಏನು ಮಾಡಲಿ ಎಂದು ಕೇಳಿದೆ.

“ಅದರ ಹಿಂದಿನ ಪ್ರಶ್ನೆ ಏನಿತ್ತು ನೋಡಿ. ಮುಂದಿನ ಉತ್ತರ ನೋಡಿ. ಅಷ್ಟಕ್ಕೂ ಗೊತ್ತಾಗದಿದ್ದರೆ ವಕೀಲರನ್ನ ಕೇಳಿ. ಅವರೂ ಗೊತ್ತಿಲ್ಲ ಅಂದರೆ ಎರಡು ಅರ್ಥ ಬರ್ತದೆ ಅಂತ ಅಡಿಟಿಪ್ಪಣಿ ಹಾಕಿ ಕಳಿಸಿ. ನೀವು ತೀರ್ಪು ಕೊಡೋಕೆ ಹೋಗಬೇಡಿ ಅಮ್ಮ.”

ಅಡಿಟಿಪ್ಪಣಿ ಹಾಕುವ ಪದ್ಧತಿ ಈಗ ನಾನು ಇಟ್ಟುಕೊಂಡಿದ್ದೇನೆ. ಒಬ್ಬ ಹಿರಿಯ ವಕೀಲರು ಮೊದಲು ಇದೆಲ್ಲ ಯಾಕೆ ಎಂದರು, ಆಮೇಲೆ ಕಡತ ತರಿಸಿ ಮೂಲ ಹಾಳೆ ಓದಿ, ‘ಹಾಗೇ ಇರಲಿ’ ಎಂದರು.

ವ್ಯಕ್ತಿಗೆ ಹೇಳಿದ್ದು, ತಿಳಿಸಿದ್ದು ಬಂದಾಗ ಸಾಲು ಇನ್ನೂ ಉದ್ದವಾಗುತ್ತದೆ. ‘ಟೋಲ್ಡ್’ ಆದ ಕೂಡಲೇ ಆ ವ್ಯಕ್ತಿ, ಆಮೇಲೆ ಕ್ರಿಯಾವಿಶೇಷಣ, ಆಮೇಲೆ ‘ದಟ್’: ‘ಹಿ ಟೋಲ್ಡ್ ಮಿ ಯೆಸ್ಟರ್‌ಡೇ ದಟ್’. ನನ್ನ ಮೇಜಿಗೆ ದಿನವೂ ಬರುವುದು ‘ದಿ ಪೆಟಿಷನರ್ ಇನ್ಫಾರ್ಮ್ಡ್ ದಿ ತಹಶೀಲ್ದಾರ್ ಇನ್ ರೈಟಿಂಗ್ ದಟ್’. ಆ ‘ಇನ್ ರೈಟಿಂಗ್’ ನಡುವೆ ಇರದೆ ತುದಿಗೆ ಹೋದರೆ ಬರಹದಲ್ಲಿದ್ದದ್ದು ತಹಶೀಲ್ದಾರರಿಗೆ ಕೊಟ್ಟ ಅರ್ಜಿಯೋ, ‘ದಟ್’ ಆದಮೇಲೆ ಬರುವ ಒಪ್ಪಂದವೋ ಎಂಬ ಜಗಳ. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ) ಹಕ್ಕಿನ ಕಾಗದಗಳಲ್ಲಿ ಇಂಥ ಜಾಗ ಎಷ್ಟು ಬರುತ್ತದೆ ಎಂದು ಈ ಕೆಲಸ ಮಾಡುವವರಿಗೆ ಗೊತ್ತು. ಆದರೆ ನಡುವೆ ಇಡಬಹುದು ಎಂದು ಸಿಕ್ಕಿದ್ದನ್ನೆಲ್ಲ ತುಂಬಬಾರದು. ದಿನ, ಸ್ಥಳ, ಪಂಚರ ಸಮಕ್ಷಮ, ಏರು ದನಿ ಎಲ್ಲವನ್ನೂ ‘ಸೆಡ್’ಗೂ ‘ದಟ್’ಗೂ ನಡುವೆ ಪೇರಿಸಿದರೆ ‘ದಟ್’ ಬರುವ ಹೊತ್ತಿಗೆ ಯಾರು ಹೇಳಿದ್ದೆಂದೇ ಮರೆತಿರುತ್ತದೆ. ದಿನ ಮತ್ತು ಸ್ಥಳವನ್ನು ವಾಕ್ಯದ ತಲೆಗೆ ಕಳಿಸಿ, ಒಂದನ್ನು ಮಾತ್ರ ನಡುವೆ ಉಳಿಸಿ ಎಂಬುದು ಅವರ ಸಲಹೆ. ಅಲ್ಪವಿರಾಮ ಹಾಕುವುದಾದರೆ ಎರಡೂ ಬದಿಗೆ ಹಾಕಿ, ‘ಸೆಡ್, ಹೌಎವರ್, ದಟ್’, ಒಂದೇ ಬದಿಗೆ ಹಾಕಿ ಬಿಡಬೇಡಿ ಎಂಬುದನ್ನೂ ಸೇರಿಸಿದರು. ‘ಡಿಸೈಡೆಡ್ ಯೆಸ್ಟರ್‌ಡೇ ಟು ಅಪೀಲ್’, ‘ಆಸ್ಕ್ಡ್ ಅಗೇನ್ ವೆದರ್’ ಇವಕ್ಕೂ ಇದೇ ಲೆಕ್ಕ.

ಮನೆಗೆಲಸವಾಗಿ ಕೊಡುವುದು ಒಂದೇ. ನೀವೇ ಬರೆದ ಪುಟದಲ್ಲಿ ಪ್ರತಿ ಕ್ರಿಯಾವಿಶೇಷಣದಿಂದ ಅದು ಸೇರಬೇಕಾದ ಕ್ರಿಯಾಪದಕ್ಕೆ ಪೆನ್ಸಿಲಿನಲ್ಲಿ ಬಾಣ ಎಳೆಯಿರಿ. ಬಾಣ ಇನ್ನೊಂದು ಕ್ರಿಯಾಪದವನ್ನು ದಾಟಿ ಹೋಗುತ್ತಿದ್ದರೆ ಆ ಪದ ತಪ್ಪು ಜಾಗದಲ್ಲಿದೆ. ಇಷ್ಟು ಸುಲಭದ, ಇಷ್ಟು ಕೆಲಸಕ್ಕೆ ಬರುವ ಪರೀಕ್ಷೆ ನನಗೆ ಬೇರೆ ಗೊತ್ತಿಲ್ಲ. ನನ್ನ ಜೊತೆ ಟೈಪ್ ಮಾಡುವ ಹುಡುಗಿಯರಿಗೂ ಹೇಳಿಕೊಟ್ಟಿದ್ದೇನೆ, ಅವರು ತರಗತಿಗೆ ಬಂದವರಲ್ಲ, ಆದರೂ ಅವರ ಹಾಳೆಗಳಲ್ಲಿ ಬಾಣ ಕಾಣುತ್ತದೆ.

ಕೊರತೆಗಳನ್ನೂ ಹೇಳಬೇಕು. ಮಾತಾಡುವ ಇಂಗ್ಲಿಷ್ ಬೇಕೆಂದು ಹೋಗುವವರಿಗೆ ಇದು ಜಾಗವಲ್ಲ, ಬಾಯಿ ತೆರೆಯುವ ಅವಕಾಶ ಕಡಿಮೆ. ಪಿಯುಸಿ ಮಕ್ಕಳಿಗೆ ಉದಾಹರಣೆಗಳು ಭಾರ, ಕೋರ್ಟು, ವರದಿ, ಪತ್ರಿಕೆ ಇವೇ ಹೆಚ್ಚು. ನಮ್ಮ ಬ್ಯಾಚಿನಲ್ಲಿದ್ದ ಇಬ್ಬರು ನಡುವೆಯೇ ಬಿಟ್ಟರು. ಹಂಚುವ ಜೆರಾಕ್ಸ್ ಹಾಳೆಗಳು ಬಹಳ ಮಸುಕು, ಮೂಲ ಪ್ರತಿ ಹಳೆಯದು, ಯಾರಾದರೂ ಕೂತು ಹೊಸದಾಗಿ ಟೈಪ್ ಮಾಡಿಕೊಡಬೇಕು. ಆ ಕೆಲಸ ನಾನೇ ಒಪ್ಪಿಕೊಂಡಿದ್ದೇನೆ. ತರಗತಿ ಸಂಜೆ ಆರೂವರೆಗೆ ಶುರುವಾಗಿ ಎಂಟಕ್ಕೆ ಮುಗಿಯಬೇಕು, ಮುಗಿಯುವುದಿಲ್ಲ. ತೀರ್ಥಹಳ್ಳಿ, ಸಾಗರದ ಕಡೆ ಬಸ್ಸು ಹಿಡಿಯುವವರು ಕೊನೆಯ ಭಾಗ ಕಳೆದುಕೊಳ್ಳುತ್ತಾರೆ, ಮತ್ತು ಸಾಮಾನ್ಯವಾಗಿ ಮುಖ್ಯವಾದದ್ದು ಬರುವುದು ಆ ಹೊತ್ತಿಗೇ. ಮಳೆಗಾಲದಲ್ಲಿ ಮಹಡಿಯ ತಗಡಿನ ಮೇಲೆ ಮಳೆ ಹೊಡೆದರೆ ಹಿಂದಿನ ಬೆಂಚಿಗೆ ಒಂದಕ್ಷರ ಕೇಳುವುದಿಲ್ಲ, ಬೇಗ ಹೋಗಿ ಮುಂದೆ ಕೂತುಕೊಳ್ಳಿ. ಧ್ವನಿಮುದ್ರಣಕ್ಕೆ ಅವರು ಒಪ್ಪುವುದಿಲ್ಲ. ನಡುವೆ ಅಮ್ಮನವರು ಕೊಡುವ ಬಿಸಿ ಕಷಾಯ ಮಾತ್ರ ಯಾರಿಗೂ ತಪ್ಪಿದ್ದಲ್ಲ.

ಶುಲ್ಕ ಒಂದು ಬ್ಯಾಚಿಗೆ 1,800 ರೂಪಾಯಿ, ಎರಡು ಕಂತಿನಲ್ಲಿ ಕೊಡಬಹುದು. ಊರಿನ ಬೇರೆ ಕಡೆಗಳಿಗೆ ಹೋಲಿಸಿದರೆ ಹೆಚ್ಚೇನಲ್ಲ. ಕೋರ್ಟು, ಕಚೇರಿ, ಆಸ್ಪತ್ರೆ, ಪತ್ರಿಕೆ, ಎಲ್ಲಾದರೂ ಸರಿ, ಬೇರೆಯವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದಿಡುವುದು ನಿಮ್ಮ ಕೆಲಸವಾಗಿದ್ದರೆ ಕಣ್ಣು ಮುಚ್ಚಿ ಸೇರಿ. ಮುಂದಿನ ಬ್ಯಾಚು ಅಡಿಕೆ ಕೊಯ್ಲಿನ ಗಡಿಬಿಡಿ ಕಳೆದ ಮೇಲೆ ಎಂದಿದ್ದಾರೆ. ಹೋಗುವಾಗ ನೀವೇ ಬರೆದ ಒಂದು ಪುಟ ತೆಗೆದುಕೊಂಡು ಹೋಗಿ, ಮೊದಲ ದಿನ ಅದನ್ನೇ ಕೇಳುತ್ತಾರೆ.